ಚಿಲುಮೆಗೆ ಎರಡು ಅಂಕ

"ತಂಬಾಕಿನ ಚಟ ಏನಾದ್ರೂ ಐತೇನ್ರಿ ಅಜ್ಜಾರ?"

ಆಶಾ ಕಾರ್ಯಕರ್ತೆ ಹೀಗೆ ಕೇಳುವ ಹೊತ್ತಿಗೆ ಅಜ್ಜನ ಎರಡೂ ಅಂಗೈ ಚಿಲುಮೆಯ ಸುತ್ತ ಬಿಗಿದಿದ್ದವು. ಉತ್ತರಕ್ಕಿಂತ ಮುಂಚೆ ಹೊಗೆ ಬಂತು. ಮೂಗಿನಿಂದ ಎರಡು ಎಳೆ, ಬಾಯಿಂದ ಒಂದು ಮುದ್ದೆ. ಆಮೇಲೆ ಕೆಮ್ಮು. ಕೆಮ್ಮೆಲ್ಲ ಮುಗಿದ ಮೇಲೆ "ಇಲ್ಲ ಯವ್ವಾ" ಅಂದ.

ಆಕೆ ನಗಲಿಲ್ಲ. ಮೊಣಕಾಲ ಮೇಲಿದ್ದ ಫಾರ್ಮಿನಲ್ಲಿ ತಂಬಾಕಿನ ಸಾಲು ಹುಡುಕಿ, ದಿನಾಲೂ ಎಂಬಲ್ಲಿ ಗುರುತು ಹಾಕಿ, ಪಕ್ಕದಲ್ಲಿ 2 ಎಂದು ಬರೆದಳು. ಸೇದದವರಿಗೆ ಸೊನ್ನೆ. ಬಿಟ್ಟವರಿಗೆ, ಆಗೀಗ ಸೇದುವವರಿಗೆ 1. ದಿನಾ ಸೇದುವವರಿಗೆ 2. ವಯಸ್ಸು, ಸೊಂಟದ ಸುತ್ತಳತೆ, ಕುಡಿತ, ಮನೆತನದ ಕಾಯಿಲೆ ಎಲ್ಲಕ್ಕೂ ಹೀಗೇ ಅಂಕ ಹಾಕಿ ಕೂಡಿಸಿದಾಗ ಮೊತ್ತ 4 ದಾಟಿದರೆ ತಪಾಸಣೆಗೆ ಮೊದಲು ಕರೆಸಬೇಕು. 30 ವರ್ಷ ದಾಟಿದ ಪ್ರತಿಯೊಬ್ಬರ ಮನೆಗೂ ಹೋಗಿ ತುಂಬಬೇಕಾದ ಫಾರ್ಮದು. ಜಾಸ್ತಿ ಅಂಕ ಬಂದವರೇ ಫೇಲು.

ಅಜ್ಜ ಬಗ್ಗಿ ನೋಡಿದ. "ಎರಡು ಕೊಟ್ಟಿಯೇನು? ಸಾಲಿಯೊಳಗ ಇಷ್ಟು ಎಂದೂ ಬಿದ್ದಿದ್ದಿಲ್ಲ ನೋಡು" ಎಂದು ನಕ್ಕ. ನಕ್ಕವನು ಥಟ್ಟನೆ ಮುಖ ಗಂಟಿಕ್ಕಿದ. "ನನ್ನ ಬಾಯಿ, ನನ್ನ ತಂಬಾಕು, ನನ್ನ ಜಗಲಿ. ಇದರಾಗ ಸರಕಾರದ್ದೇನೈತಿ?"

ಇದು ಸಾಂಬ್ರಾಣಿಯ ಮಾತು. ಹಳಿಯಾಳದಿಂದ ಯಲ್ಲಾಪುರದ ಕಡೆ ಹೊರಟರೆ ಸಿಗುವ ಊರು. ಬಯಲುಸೀಮೆ ಮುಗಿದು ಕಾಡು ಶುರುವಾಗುವ ಅಂಚು. ಹೆಸರಲ್ಲೇ ಹೊಗೆ ಇರುವ ಊರೆಂದು ನಾನು ಮೊದಲ ಸಲ ಹೋದಾಗ ತಮಾಷೆ ಮಾಡಿದ್ದೆ. ಊರಿನ ಹೆಸರಿಗೂ ಧೂಪದ ಸಾಂಬ್ರಾಣಿಗೂ ಏನು ನಂಟೋ ಗೊತ್ತಿಲ್ಲದೆ ಮಾಡಿದ ತಮಾಷೆ ಅದು. ಅಲ್ಲಿಯವರಿಗೆ ಇಂಥ ಬೆಂಗಳೂರು ತಮಾಷೆ ಕೇಳಿ ಕೇಳಿ ಸಾಕಾಗಿದೆ. ಆದರೆ ಅಜ್ಜನ ಪ್ರಶ್ನೆ ಮಾತ್ರ ತಮಾಷೆಯದಲ್ಲ. ಇದೇ ಪ್ರಶ್ನೆಯನ್ನು ನಾನು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿದವರ ಬಾಯಲ್ಲೂ ಕೇಳಿದ್ದೇನೆ.

ಮೊದಲು ಆ ಚಿಲುಮೆಯನ್ನಿಷ್ಟು ನೋಡೋಣ. ಗೇಣಿಗಿಂತ ಗಿಡ್ಡ, ಸುಟ್ಟ ಮಣ್ಣಿನದು. ಬಾಯಿ ಅಗಲ, ಬುಡ ಸಪೂರ. ಒಳಗೆ, ತಂಬಾಕು ಜಾರಿ ಗಂಟಲಿಗೆ ಬರದಂತೆ ಒಂದು ಹಳ್ಳು. ಅಜ್ಜ ಎಲೆತಂಬಾಕನ್ನು ಅಂಗೈಯಲ್ಲಿ ತಿಕ್ಕಿ ಪುಡಿ ಮಾಡುತ್ತಾನೆ, ನಾರು ಆರಿಸಿ ಎಸೆಯುತ್ತಾನೆ, ಹಳ್ಳಿನ ಮೇಲೆ ಹಗುರಾಗಿ ಉದುರಿಸುತ್ತಾನೆ. ಒತ್ತಿ ತುಂಬಿದರೆ ಗಾಳಿ ಆಡುವುದಿಲ್ಲ, ಸಡಿಲ ಬಿಟ್ಟರೆ ಭಗ್ಗನೆ ಉರಿದು ಹೋಗುತ್ತದೆ. ಮೇಲೆ ಒಲೆಯ ಕೆಂಡದ ಚೂರು. ಬುಡಕ್ಕೆ ಒದ್ದೆ ಅರಿವೆಯ ಸುತ್ತು. ಆ ಅರಿವೆ ಒಂದು ಕಾಲಕ್ಕೆ ಬಿಳಿಯಿತ್ತು; ಈಗ ಜೇನುತುಪ್ಪದ ಬಣ್ಣ. ತುಟಿ ಚಿಲುಮೆಗೆ ತಾಗುವುದಿಲ್ಲ. ಮುಷ್ಟಿಯೇ ಕೊಳವೆ. ಹಾಗಾಗಿ ಐದು ಜನ ಒಂದೇ ಚಿಲುಮೆ ಸೇದಿದರೂ ಎಂಜಲಿನ ಮಾತಿಲ್ಲ. ಜಾತಿಯ ಕಟ್ಟುಕಟ್ಟಳೆ ಗಟ್ಟಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ. ಹಿಂದೆ ಕಾಡಿಗೆ ಹೋಗುವವರು ಕೆಂಡದ ಬದಲು ಚಕಮಕಿ ಒಯ್ಯುತ್ತಿದ್ದರು. ಬೆಣಚುಕಲ್ಲಿಗೆ ಉಕ್ಕಿನ ತುಂಡು ಬಡಿದು, ಕಿಡಿಯನ್ನು ಹತ್ತಿಗೆ ಹಿಡಿಸಿ, ಊದಿ ಊದಿ ಬೆಂಕಿ ಮಾಡುವ ಹೊತ್ತಿಗೆ ಅರ್ಧ ದಣಿವು ಆರಿರುತ್ತಿತ್ತು ಎನ್ನುತ್ತಾನೆ ಅಜ್ಜ.

ಇಸ್ತ್ರಿ ಪ್ಯಾಂಟಿನವರು ನಮ್ಮ ದೊಡ್ಡಪ್ಪ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿದ್ದರು. 1955ರಲ್ಲಿ ಹುಟ್ಟಿದ ಆ ಕಾರ್ಖಾನೆಯ ಜತೆಗೇ ದಾಂಡೇಲಿಗೆ ಕ್ಲಬ್ಬು, ಬ್ಯಾಡ್ಮಿಂಟನ್ನು, ಕ್ವಾರ್ಟರ್ಸಿನ ಮುಂದಿನ ಗುಲಾಬಿ, ಎಲ್ಲ ಬಂದವು. ಆ ಲೋಕದ ವಸ್ತು ದೊಡ್ಡಪ್ಪನ ಪೈಪು. ಬ್ರಯರ್ ಬೇರಿನ ಗಂಟಿನಿಂದ ಕೆತ್ತಿದ್ದು. ಹಿಡಿದಲ್ಲಿ ಕೈಬೆವರು ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ತಂಬಾಕು ಒತ್ತಲು ಪೇಟೆಯವರಿಗೆ ಬೇರೆ ಸಾಧನವಿದೆಯಂತೆ. ದೊಡ್ಡಪ್ಪನಿಗೆ ಚಪ್ಪಟೆ ತಲೆಯ ಒಂದು ಮೊಳೆ ಸಾಕಿತ್ತು. ನಳಿಗೆ ಶುಚಿ ಮಾಡಲು ಹಂಚಿಕಡ್ಡಿಗೆ ಸುತ್ತಿದ ಅರಿವೆ. ಗೋವೆಯ ಕಡೆಯಿಂದ ಯಾರೋ ತಂದುಕೊಡುತ್ತಿದ್ದ ಹಳದಿ ಡಬ್ಬಿ ತೆರೆದರೆ ಒಣದ್ರಾಕ್ಷಿಯ ಹಾಗೆ ವಾಸನೆ. ಒಮ್ಮೆ ತುಂಬಿದರೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಮೂರು ಸಲ ಆರುತ್ತಿತ್ತು, ಮೂರು ಸಲ ಕಡ್ಡಿ ಗೀರುತ್ತಿದ್ದರು. ಸಿಗರೇಟು ಸೇದುವವರನ್ನು ಕಂಡರೆ ಅವರಿಗೆ ತಾತ್ಸಾರ. "ಅದು ಊಟವಲ್ಲ, ನುಂಗೋದು" ಎನ್ನುತ್ತಿದ್ದರು. ಪೈಪಿನವರು ಎಲ್ಲ ಕಡೆಯೂ ಹೀಗೇ. ತಮ್ಮದು ಚಟವಲ್ಲ, ಬಿಡುವು ಎಂದು ನಂಬಿದವರು. ಐನ್‌ಸ್ಟೈನ್ ಸೇದುತ್ತಿದ್ದರು, ಬರ್ಟ್ರಂಡ್ ರಸೆಲ್ ಸೇದುತ್ತಿದ್ದರು, ಶೆರ್ಲಾಕ್ ಹೋಮ್ಸ್ ಕೂಡ ಸೇದುತ್ತಿದ್ದ ಎಂದು ಹೇಳುವಾಗ ಕೊನೆಯವನು ಕಥೆಯ ಪಾತ್ರ ಎಂಬುದು ಅವರಿಗೆ ಮರೆತೇ ಹೋಗುತ್ತಿತ್ತು.

ಈ ನಂಬಿಕೆಗೆ ಒಂದು ಸರ್ಕಾರಿ ಆಧಾರವೂ ಇತ್ತೆನ್ನಿ. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು ಜಗತ್ತಿಗೆ ಸಾರಿದ, ಅಮೆರಿಕದ ಸರ್ಜನ್ ಜನರಲ್ ಅವರ 1964ರ ವರದಿಯೇ ಪೈಪು ಸೇದುವವರ ಸಾವಿನ ಪ್ರಮಾಣ ಸೇದದವರಿಗಿಂತ ಅಷ್ಟೇನೂ ಹೆಚ್ಚಿಲ್ಲ ಎಂದಿತ್ತು. ಪೈಪಿನವರು ಹೊಗೆಯನ್ನು ಎದೆಯವರೆಗೆ ಎಳೆಯದೆ ಬಾಯಲ್ಲೇ ಆಡಿಸಿ ಬಿಡುವುದು ಇದಕ್ಕೆ ಮುಖ್ಯ ಕಾರಣ. ಆದರೆ ಅದೇ ವರದಿ ಪೈಪಿಗೂ ತುಟಿಯ ಕ್ಯಾನ್ಸರಿಗೂ ನಂಟು ಹಾಕಿತ್ತು. ಮೊದಲ ಮಾತನ್ನು ಎಲ್ಲರೂ ನೆನಪಿಟ್ಟುಕೊಂಡರು, ಎರಡನೆಯದನ್ನು ಯಾರೂ ಹೇಳಲಿಲ್ಲ. ಮುಂದಿನ ದಶಕಗಳ ಅಧ್ಯಯನಗಳು ಮೊದಲ ಮಾತಿನ ಸಮಾಧಾನವನ್ನೂ ಉಳಿಸಲಿಲ್ಲ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶ, ಎಲ್ಲೂ ಪೈಪು ನಿರಪರಾಧಿಯಲ್ಲ ಎಂದವು. ದೊಡ್ಡಪ್ಪನಿಗೆ ಹುಣ್ಣಾದದ್ದು ಕೆಳತುಟಿಯ ಎಡಬದಿಗೆ. ಪೈಪು ಕಚ್ಚುತ್ತಿದ್ದ ಜಾಗ. ಹುಬ್ಬಳ್ಳಿಯಲ್ಲಿ ಕೊಯ್ದು ತೆಗೆದರು. ಬೇಗ ಬಂದದ್ದರಿಂದ ಬದುಕಿದರು. ಆ ಮೇಲೆ ಒಂಬತ್ತು ವರ್ಷ ಖಾಲಿ ಪೈಪನ್ನು ಬಲಗಡೆ ಕಚ್ಚಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಸರ್ಕಾರವನ್ನು ಬೈಯುವುದನ್ನು ಮಾತ್ರ ಬಿಡಲಿಲ್ಲ.

ಅಜ್ಜನೂ ದೊಡ್ಡಪ್ಪನೂ ಬೈಯುವ ಆ ಕಾನೂನಿನಲ್ಲಿ ನಿಜಕ್ಕೂ ಏನಿದೆ? ಕೋಟ್ಪಾ ಎಂದು ಕರೆಯುವ 2003ರ ಕೇಂದ್ರ ಕಾಯ್ದೆ ಧೂಮಪಾನ ಎಂದರೇನು ಎಂದು ವಿವರಿಸುವಾಗ ಸಿಗರೇಟು, ಸಿಗಾರು, ಬೀಡಿಗಳ ಜತೆಗೆ ಪೈಪಿನ ಮೂಲಕವಾಗಲಿ ಬೇರಾವ ಸಾಧನದಿಂದಾಗಲಿ ತಂಬಾಕು ಸೇದುವುದನ್ನೂ ಸೇರಿಸಿದೆ. ಅಂದರೆ ದೊಡ್ಡಪ್ಪನಿಗೆ ಹೆಸರಿಟ್ಟು ಜಾಗ ಕೊಟ್ಟಿದೆ, ಅಜ್ಜನಿಗೆ ‘ಬೇರಾವ ಸಾಧನ’ದಲ್ಲಿ ಜಾಗ. 2008ರ ಅಕ್ಟೋಬರ್ 2ರಿಂದ, ಗಾಂಧಿ ಜಯಂತಿಯ ದಿನ ನೋಡಿ, ಸಾರ್ವಜನಿಕ ಸ್ಥಳದ ನಿಯಮಗಳು ಬಿಗಿಯಾದವು. ಹೋಟೆಲು, ಕಚೇರಿ, ಬಸ್ ನಿಲ್ದಾಣ, ಚಿತ್ರಮಂದಿರ, ಎಲ್ಲೂ ಇಲ್ಲ. ಅಂಥಲ್ಲಿ ಬೂದಿ ಬಟ್ಟಲು, ಬೆಂಕಿಪೊಟ್ಟಣ, ಲೈಟರು ಇಡುವುದೂ ತಪ್ಪು. ಚಹಾದಂಗಡಿಯ ಕಂಬಕ್ಕೆ ಕಟ್ಟಿ, ತುದಿಗೆ ಕಿಡಿ ಹಚ್ಚಿ ದಿನವಿಡೀ ಹೊಗೆಯಾಡಲು ಬಿಡುತ್ತಿದ್ದ ಆ ಹಗ್ಗ ನೆನಪಿದೆಯೇ? ಬೀಡಿ ಕೊಂಡವನು ಬಗ್ಗಿ ಹಚ್ಚಿಕೊಂಡು ಹೋಗುತ್ತಿದ್ದ. ಈಗ ಅದನ್ನು ಹುಡುಕಿಕೊಂಡೇ ನೋಡಬೇಕು. ಕರ್ನಾಟಕ ತನ್ನದೇ ತಿದ್ದುಪಡಿ ತಂದು, ಅದಕ್ಕೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಯ ಅಂಕಿತ ಬಿದ್ದ ಮೇಲೆ 200 ರೂಪಾಯಿ ದಂಡ 1,000ಕ್ಕೆ ಏರಿತು. ತಂಬಾಕು ಮಾರುವ ವಯಸ್ಸಿನ ಮಿತಿ 18 ಇದ್ದದ್ದು 21 ಆಯಿತು. ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಸೆರೆ, 50,000ದಿಂದ 1 ಲಕ್ಷದವರೆಗೆ ದಂಡ.

ಇಷ್ಟೆಲ್ಲದರಲ್ಲಿ ಜಗಲಿ ಎಲ್ಲೂ ಇಲ್ಲ. ಅಜ್ಜನ ಜಗಲಿಗೆ ಯಾವ ಪೊಲೀಸನೂ ಬರುವುದಿಲ್ಲ. ಸ್ವಂತ ಮನೆಯಲ್ಲಿ, ಸ್ವಂತ ಎದೆ ಸುಟ್ಟುಕೊಳ್ಳುವ ಹಕ್ಕನ್ನು ಈ ದೇಶ ಇಂದಿಗೂ ಯಾರಿಂದಲೂ ಕಿತ್ತುಕೊಂಡಿಲ್ಲ. ಕಿತ್ತುಕೊಂಡದ್ದು ಬೇರೆಯವರ ಎದೆಗೆ ಊದುವ ಹಕ್ಕನ್ನು.

ಇನ್ನು ಕಿಸೆಯ ಮಾತು. ಇಲ್ಲಿ ದೊಡ್ಡಪ್ಪನ ಸಿಟ್ಟಿಗೆ ಅರ್ಥವಿತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಪೈಪಿನ ತಂಬಾಕಿಗೆ 28 ಶೇಕಡ ತೆರಿಗೆ, ಅದರ ಮೇಲೆ 290 ಶೇಕಡ ಸೆಸ್. ಬೀಡಿಗೆ 28 ಶೇಕಡ ತೆರಿಗೆ, ಸೆಸ್ ಸೊನ್ನೆ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸೇರಿ ಉಳಿದ ತಂಬಾಕಿಗೆ 40 ಎಂದು, ಬೀಡಿಯನ್ನು ಮಾತ್ರ 28ರಿಂದ 18ಕ್ಕೆ ಇಳಿಸಬೇಕೆಂದು ತೀರ್ಮಾನಿಸಿತು. ಬೀಡಿ ಎದೆಗೆ ತಂಪೆಂದು ಯಾವ ಡಾಕ್ಟರೂ ಹೇಳಿಲ್ಲ. ಬೀಡಿ ಕಟ್ಟಿ ಹೊಟ್ಟೆ ಹೊರೆಯುವ ಹೆಂಗಸರು ಲಕ್ಷಗಟ್ಟಲೆ ಇದ್ದಾರೆ, ಅವರಿಗೆ ಓಟಿದೆ. ಪೈಪಿನವರು ಇಡೀ ರಾಜ್ಯದಲ್ಲಿ ಒಂದು ಕಲ್ಯಾಣ ಮಂಟಪ ತುಂಬುವಷ್ಟು ಇದ್ದಾರೋ ಇಲ್ಲವೋ. ಬಡವನ ಚಟಕ್ಕೆ ಕನಿಕರ, ಶ್ರೀಮಂತನ ಚಟಕ್ಕೆ ಕತ್ತರಿ ಎಂದು ಇದನ್ನು ಸಮರ್ಥಿಸುವವರಿದ್ದಾರೆ. ಬಡವ ಬೇಗ ಸಾಯಲಿ ಎಂಬ ಕನಿಕರ ಇದು ಎಂದು ನನಗನ್ನಿಸುತ್ತದೆ.

ಪೈಪಿನ ಮೇಲೆ ರಾಜರ ಕಣ್ಣು ಬಿದ್ದದ್ದು ಇವತ್ತಿನ ಕಥೆಯಲ್ಲ. ಆ ಕಥೆ ನಮ್ಮ ನೆಲದಿಂದಲೇ ಹೊರಡುತ್ತದೆ. ಅಕ್ಬರ್ ತನ್ನ ಮಗ ದಾನಿಯಾಲನಿಗೆ ಬಿಜಾಪುರದ ಹೆಣ್ಣು ತರಲು ಅಸದ್ ಬೇಗ್ ಎಂಬವನನ್ನು ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ ಕಳಿಸಿದ್ದ. 1604ರ ಆಸುಪಾಸು. ಬಿಜಾಪುರದಲ್ಲಿ ಅಸದ್ ಬೇಗ್ ಮೊದಲ ಸಲ ತಂಬಾಕು ಕಂಡ. ಹಾಗೇ ಒಯ್ದರೆ ಬಾದಶಹರಿಗೆ ರುಚಿಸೀತೇ? ಅಚೆ ಎಂಬ ನಾಡಿನಿಂದ ಬಂದಿದ್ದ ಮೂರು ಮೊಳದ ಕೊಳವೆ, ತುದಿಗಳಿಗೆ ರತ್ನದ ಕೆಲಸ, ಬಾಯಿಗೆ ಯೆಮೆನ್ನಿನ ಕೆಂಪುಕಲ್ಲು, ಬೆಂಕಿಗೆ ಚಿನ್ನದ ಬಟ್ಟಲು, ಎಲ್ಲ ಜೋಡಿಸಿ ಬೆಳ್ಳಿ ತಟ್ಟೆಯಲ್ಲಿಟ್ಟು ಆಗ್ರಾದಲ್ಲಿ ಒಪ್ಪಿಸಿದ. ಅಕ್ಬರ್ ಎರಡು ಮೂರು ದಮ್ಮು ಎಳೆದ. ಪಕ್ಕದಲ್ಲಿದ್ದ ಹಕೀಮನಿಗೆ ಜೀವ ಬಾಯಿಗೆ ಬಂತು. ನಮ್ಮ ಗ್ರಂಥಗಳಲ್ಲಿ ಇಲ್ಲದ, ಯಾರೂ ಪರೀಕ್ಷಿಸದ ವಸ್ತುವನ್ನು ಸೇದಬೇಡಿ ಎಂದು ತಡೆದ. ಫಿರಂಗಿಗಳಲ್ಲೂ ತಿಳಿದವರಿದ್ದಾರೆ, ಎಲ್ಲ ರೂಢಿಯೂ ಒಂದು ದಿನ ಹೊಸದೇ ಆಗಿತ್ತಲ್ಲ ಎಂದು ಅಸದ್ ಬೇಗ್ ವಾದಕ್ಕಿಳಿದ. ಪುಸ್ತಕದಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದೆಂದು ಅಕ್ಬರನೂ ಒಪ್ಪಿದ. ಒಪ್ಪಿದವನು ಮತ್ತೆ ಸೇದುವ ರೂಢಿ ಮಾತ್ರ ಮಾಡಿಕೊಳ್ಳಲಿಲ್ಲ. ಸರದಾರರು ಹಿಡಿದುಕೊಂಡರು, ವ್ಯಾಪಾರಿಗಳು ಮಾರತೊಡಗಿದರು.

ವೈದ್ಯ, ವ್ಯಾಪಾರಿ, ರಾಜ, ಚಟ. ನಾಲ್ಕು ಪಾತ್ರ ಅಂದೇ ಸೇರಿಬಿಟ್ಟಿವೆ. ಅದೇ 1604ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್ ತಂಬಾಕಿನ ವಿರುದ್ಧ ತಾನೇ ಒಂದು ಪುಸ್ತಿಕೆ ಬರೆದು, ಪೌಂಡಿಗೆ 2 ಪೆನ್ನಿ ಇದ್ದ ಸುಂಕವನ್ನು 6 ಶಿಲಿಂಗ್ 10 ಪೆನ್ನಿಗೆ ಏರಿಸಿದ. ನಮ್ಮ 290 ಅದರ ಮುಂದೆ ಮಗು. 1617ರಲ್ಲಿ ಜಹಾಂಗೀರ್ ತಂಬಾಕು ಸೇದುವುದನ್ನೇ ನಿಷೇಧಿಸಿದ. ಹೆಂಡಕ್ಕೂ ಅಫೀಮಿಗೂ ತಾನೇ ದಾಸನಾಗಿದ್ದವನು! ಇರಾನಿನ ಷಾ ಅಬ್ಬಾಸನೂ ನಿಷೇಧಿಸಿದ್ದ. ಆದರೆ ಜಹಾಂಗೀರನ ರಾಯಭಾರಿಯಾಗಿ ಅಲ್ಲಿಗೆ ಹೋದ ಖಾನ್ ಆಲಂ ಸೇದದೆ ಇರಲಾರದವನು ಎಂದು ತಿಳಿದು ಅವನೊಬ್ಬನಿಗೆ ವಿನಾಯಿತಿ ಕೊಟ್ಟ. ದೊಡ್ಡವರ ಚಟಕ್ಕೆ ದಾರಿ ಯಾವತ್ತೂ ಇತ್ತು.

ಬಿಜಾಪುರಕ್ಕೆ ಬಂದ ಎಲೆ ಇಳಿದದ್ದು ಗೋವೆಯ ದಿಕ್ಕಿನಿಂದ, ಪೋರ್ಚುಗೀಸರ ಹಡಗಿನಲ್ಲಿ. ಜೋಯಿಡಾದ ಅನಮೋಡ ಘಟ್ಟ ಇಳಿದರೆ ಗೋವೆ. ಅದೇ ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಮನುಷ್ಯರನ್ನೂ ಇಳಿಸಿದರು. ಯಜಮಾನನ ಕೈ ತಪ್ಪಿಸಿಕೊಂಡು ಘಟ್ಟ ಹತ್ತಿದವರು ಹಳಿಯಾಳ, ಯಲ್ಲಾಪುರ, ಜೋಯಿಡಾ, ಮುಂಡಗೋಡ, ಅಂಕೋಲೆಯ ಕಾಡುಗಳಲ್ಲಿ ಸಿದ್ದಿಗಳಾಗಿ ನೆಲೆಸಿದರು. ಹಿಂದೂ, ಮುಸ್ಲಿಂ, ಕ್ರೈಸ್ತ, ಮೂರೂ ಆದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ, ಕೋಟ್ಪಾ ಬಂದ ವರ್ಷವೇ. ಬ್ರೆಜಿಲಿನ ಬಹಿಯಾದಲ್ಲಿ ಗುಲಾಮರ ಕೈಯಿಂದ ಬೆಳೆಸಿದ ತಂಬಾಕು ಗೋವೆಗೆ ಬರುತ್ತಿತ್ತು. ಅದೇ ತಂಬಾಕು ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ ಗುಲಾಮರನ್ನು ಕೊಳ್ಳಲು ನಾಣ್ಯವಾಗಿತ್ತು. ತಂಬಾಕು ಎಂದ ಕೂಡಲೇ ಸ್ವಾತಂತ್ರ್ಯ ಎನ್ನುವ ಮಾತು ಎಲ್ಲಿ ಬೇಕಾದರೂ ಸಲೀಸಾಗಿ ಬರಬಹುದು, ಸಾಂಬ್ರಾಣಿಯಲ್ಲಿ ಅಷ್ಟು ಸಲೀಸಾಗಿ ನಾಲಗೆ ಹೊರಳುವುದಿಲ್ಲ.

ಆಶಾ ಕಾರ್ಯಕರ್ತೆ ಸಿದ್ದಿ ಮನೆತನದವಳು. ಅಜ್ಜ ಚಿಲುಮೆಯ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡುತ್ತಿದ್ದಾಗ ಪೆನ್ನಿನ ಕ್ಯಾಪು ಹಾಕುತ್ತ, "ನೀವು ಒಂದ್ ವಾರ ಚಿಲುಮಿ ಬಿಟ್ಟು ತೋರಸ್ರಿ ಅಜ್ಜಾರ. ಬಿಡಾಕ ಬಂದ್ರ ಅದು ನಿಮ್ಮ ಖುಷಿ. ಬರಲಿಲ್ಲಂದ್ರ ನೀವು ಅದರ ಆಳು" ಅಂದಳು. ಆಳು ಎಂಬ ಪದಕ್ಕೆ ಆಕೆ ಒತ್ತು ಕೊಡಲೂ ಇಲ್ಲ, ಕೊಡದೆಯೂ ಇರಲಿಲ್ಲ. ಅಜ್ಜ ಚಿಲುಮೆ ಮಗುಚಿ ಬೂದಿ ಕೊಡವಿದ.

ಹಾಗೆಂದು ಸರ್ಕಾರವೇನೂ ತಂಬಾಕಿನ ಹಳೆಯ ವೈರಿಯಲ್ಲ. ಹಳಿಯಾಳ ಸೇರಿದ್ದ ಕೆನರಾ ಜಿಲ್ಲೆಯಲ್ಲೂ ಮಲಬಾರಿನಲ್ಲೂ ಈಸ್ಟ್ ಇಂಡಿಯಾ ಕಂಪನಿ ತಂಬಾಕಿನ ಮಾರಾಟವನ್ನು ತನ್ನ ಏಕಸ್ವಾಮ್ಯ ಮಾಡಿಕೊಂಡು ದಶಕಗಟ್ಟಲೆ ದುಡಿಯಿತು. 1837ರಲ್ಲಿ ಕೊಡಗು, ಸುಳ್ಯದ ಕಡೆಯಿಂದ ಎದ್ದು ಮಂಗಳೂರು ಹಿಡಿದ ಬಂಡಾಯಗಾರರು, ಕಲ್ಯಾಣಸ್ವಾಮಿಯ ಹೆಸರಲ್ಲಿ ಕೊಟ್ಟ ಭರವಸೆಗಳಲ್ಲಿ ಉಪ್ಪು, ಹೊಗೆಸೊಪ್ಪಿನ ಸುಂಕ ತೆಗೆಯುವುದೂ ಒಂದು. ಆ ದಿನ ತಂಬಾಕಿನ ಸ್ವಾತಂತ್ರ್ಯ ಎಂದರೆ ನಿಜವಾಗಿಯೂ ಸ್ವಾತಂತ್ರ್ಯವೇ. ನಿಪ್ಪಾಣಿಯಲ್ಲಿ 1981ರಲ್ಲಿ ತಂಬಾಕಿಗೆ ಬೆಲೆ ಕೇಳಿ ಶರದ್ ಜೋಶಿಯವರ ಹಿಂದೆ ಹೆದ್ದಾರಿಗಿಳಿದ ರೈತರಲ್ಲಿ ಕೆಲವರು ಪೊಲೀಸರ ಗುಂಡಿಗೆ ಸತ್ತರು. ಹುಣಸೂರು, ಪಿರಿಯಾಪಟ್ಟಣದ ಹರಾಜು ಕಟ್ಟೆಗಳಲ್ಲಿ ಇವತ್ತಿಗೂ ಕೇಂದ್ರದ್ದೇ ತಂಬಾಕು ಮಂಡಳಿ ಎಲೆ ಮಾರಿಸುತ್ತದೆ. ಒಂದು ಇಲಾಖೆ ಬೆಳೆಸುತ್ತದೆ, ಇನ್ನೊಂದು ಅಂಕ ಹಾಕುತ್ತದೆ. ಅಜ್ಜನಿಗೆ ಇದರಲ್ಲಿ ಮೋಸದ ವಾಸನೆ ಬಂದರೆ ಅವನನ್ನು ತಪ್ಪು ಎನ್ನಲಾರೆ.

ಆದರೂ ಪೈಪಿನವರ ವಾದ ನನ್ನೆದುರು ಸೋಲುವುದು ಬೇರೆ ಕಡೆ, ಅವರು ಗೆಲ್ಲುವುದಕ್ಕೂ ಅವಕಾಶವಿದ್ದ ಒಂದು ಕಡೆ. ರೈಲು. 1890ರ ರೈಲ್ವೆ ಕಾಯ್ದೆಯ ಪ್ರಕಾರ ಡಬ್ಬಿಯ ಸಹಪ್ರಯಾಣಿಕರ ಒಪ್ಪಿಗೆಯಿಲ್ಲದೆ ಸೇದಿದರೆ 20 ರೂಪಾಯಿವರೆಗೆ ದಂಡ. ಕಾನೂನಿಗೆ ಹೊಗೆಯ ಬಗ್ಗೆ ಅಭಿಪ್ರಾಯವಿರಲಿಲ್ಲ. ಪಕ್ಕದವರನ್ನು ಕೇಳು ಎನ್ನುತ್ತಿತ್ತು, ಅಷ್ಟೆ. 1989ರ ಕಾಯ್ದೆ ಬಂದಾಗ ಮಾತು ತಿರುಗಿತು: ಪಕ್ಕದವರು ಬೇಡ ಎಂದರೆ ಸೇದಬೇಡ, ಸೇದಿದರೆ 100 ರೂಪಾಯಿ. ನೋಡಲು ಎರಡೂ ಒಂದೇ. ಆದರೆ ಮೊದಲನೆಯದರಲ್ಲಿ ಬಾಯಿ ತೆರೆಯಬೇಕಾದವನು ಸೇದುವವನು, ಎರಡನೆಯದರಲ್ಲಿ ಕೆಮ್ಮುವವನು. ನಮ್ಮ ಊರಲ್ಲಿ ಕೆಮ್ಮುವವರು ಬಾಯಿ ತೆರೆಯುವವರಲ್ಲ. ಬಸ್ಸಿನ ಕಿಟಕಿ ಪಕ್ಕ ಕುಳಿತ ಹೆಣ್ಣುಮಗಳು ಹಿಂದಿನ ಸೀಟಿನ ಹಿರಿಯರಿಗೆ ‘ಸೇದಬ್ಯಾಡ್ರಿ’ ಎಂದದ್ದನ್ನು ನನ್ನ ಬಾಲ್ಯದಲ್ಲಿ ಒಮ್ಮೆಯೂ ನೋಡಿಲ್ಲ. ಸೆರಗು ಮೂಗಿಗೆ ಹೋಗುತ್ತಿತ್ತು, ಮಾತು ಗಂಟಲಲ್ಲೇ. ಕೇಳಿ ಸೇದುವ ಸೌಜನ್ಯ ಸೇದುವವರಲ್ಲಿ ಉಳಿದಿದ್ದರೆ 2008ರ ನಿಯಮ ಯಾಕೆ ಬೇಕಿತ್ತು? ದೊಡ್ಡಪ್ಪ ಅತಿಥಿಗಳನ್ನು ಕೇಳಿ ಪೈಪು ಹಚ್ಚುತ್ತಿದ್ದರು. ದೊಡ್ಡಮ್ಮನನ್ನು ಕೇಳಿದ್ದು ನನಗೆ ನೆನಪಿಲ್ಲ.

ದೊಡ್ಡಮ್ಮನಂಥವರ ಎದೆಯ ಲೆಕ್ಕ ಹಾಕಿದವರು ಜಪಾನಿನ ತಾಕೇಶಿ ಹಿರಾಯಾಮಾ. ಸಿಗರೇಟು ಸೇದುವ ಗಂಡಂದಿರ, ಸೇದದ ಹೆಂಡಂದಿರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಎಂದು 1981ರ ಜನವರಿಯಲ್ಲಿ ಅವರು ಪ್ರಕಟಿಸಿದಾಗ ತಂಬಾಕು ಕಂಪನಿಗಳು ಮುಗಿಬಿದ್ದವು. ನನ್ನ ಎದೆ ನಾನು ಸುಟ್ಟುಕೊಳ್ಳುತ್ತೇನೆ ಎಂಬ ವಾದ ಗಟ್ಟಿಯಾಗಿ ನಿಂತಿದ್ದು ಆ ಒಂದು ಲೆಕ್ಕದ ಮುಂದೆ ಮೆತ್ತಗಾಯಿತು.

ಈ ಮಾತಿಗೆ ಅಜ್ಜನ ಜಗಲಿಯಲ್ಲೇ ಇನ್ನೊಂದು ಸಾಕ್ಷಿ ಸಿಕ್ಕಿತು. ಅಜ್ಜನದು ಮುಗಿದ ಮೇಲೆ ಆಶಾ ಕಾರ್ಯಕರ್ತೆ ಸೊಸೆಯನ್ನು ಹೊರಗೆ ಕರೆದಳು. ಅದೇ ಫಾರ್ಮಿನ ಇನ್ನೊಂದು ಭಾಗದಲ್ಲಿ ಅಡುಗೆಗೆ ಏನು ಉರಿಸುತ್ತೀರಿ ಎಂಬ ಪ್ರಶ್ನೆ ಇದೆ. ಕಟ್ಟಿಗೆ, ಬೆಳೆಯ ಕೂಳೆ, ಕುಳ್ಳು, ಇದ್ದಿಲು, ಸೀಮೆಎಣ್ಣೆ, ಗ್ಯಾಸು. "ಗ್ಯಾಸ್ ಐತ್ರಿ" ಎಂದಳು ಸೊಸೆ. "ರೊಟ್ಟಿಗೆ?" "ರೊಟ್ಟಿಗೆ ಕಟ್ಟಗಿ." "ನೀರು ಕಾಯಿಸಾಕ?" "ಕಟ್ಟಗಿ." "ಮತ್ತ ಗ್ಯಾಸು?" "ಚಾಕ್ಕ." ಒಳಗೆ ಇಣುಕಿದರೆ ಅಡುಗೆಮನೆಯ ಜಂತಿ ಅಜ್ಜನ ಚಿಲುಮೆಯ ಒಳಮೈಯಷ್ಟೇ ಕಪ್ಪು. ಆ ಹೊಗೆಯನ್ನು ಯಾರೂ ಹವ್ಯಾಸ ಎನ್ನಲಿಲ್ಲ, ಅದರ ಸ್ವಾತಂತ್ರ್ಯಕ್ಕೆ ಯಾರೂ ವಾದ ಮಾಡಲಿಲ್ಲ. ಹೊರಗಿನ ಹೊಗೆಗೆ 2 ಅಂಕ, ಒಳಗಿನ ಹೊಗೆಗೆ ಬರೀ ಒಂದು ಗುರುತು.

ಸೇದುವುದರಲ್ಲಿ ಒಂದು ಸುಖವಿದೆ, ಅದರ ಸುತ್ತ ಕೂಟವಿದೆ, ಆ ಕೂಟದಿಂದ ಮಾತು ಹುಟ್ಟುತ್ತದೆ ಎಂಬುದನ್ನು ನಾನು ಅಲ್ಲಗಳೆಯುವವನಲ್ಲ. ಮುಂಡಗೋಡದ ಪಕ್ಕದ ಶಿಗ್ಗಾವಿ ಸೀಮೆಯ ಶಿಶುನಾಳದಲ್ಲಿ ಶರೀಫರು ಗುಡುಗುಡಿಯನ್ನೇ ತತ್ವಪದ ಮಾಡಿ ಹಾಡಿದರು. ಮೈಯೇ ಬುರುಡೆ ಎನ್ನುವ ಜಾಡು. ಹೊಗೆ ಬರೀ ಹೊಗೆಯಾಗಿದ್ದರೆ ಪದ ಹುಟ್ಟುತ್ತಿರಲಿಲ್ಲ. ಆದರೆ ಬೆಂಗಳೂರಿನ ಹುಕ್ಕಾ ಬಾರಿನವರು 2024ರಲ್ಲಿ ಹೈಕೋರ್ಟಿಗೆ ಹೋದದ್ದು ಶರೀಫರ ಗುಡುಗುಡಿ ಹಿಡಿದುಕೊಂಡಲ್ಲ. ಆ ಫೆಬ್ರವರಿಯಲ್ಲಿ ರಾಜ್ಯ ಹುಕ್ಕಾ ನಿಷೇಧಿಸಿತ್ತು. ಸಿಗರೇಟು ಮಾರಬಹುದಾದರೆ ಹುಕ್ಕಾ ಯಾಕಿಲ್ಲ ಎಂಬುದು ಅವರ ಪ್ರಶ್ನೆ. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಏಪ್ರಿಲ್ 22ರಂದು ನಿಷೇಧವನ್ನು ಎತ್ತಿಹಿಡಿದರು. ಜನರ ಆರೋಗ್ಯ ಕಾಯುವುದು ಸಂವಿಧಾನದ 47ನೇ ವಿಧಿ ರಾಜ್ಯಕ್ಕೆ ಹೊರಿಸಿದ ಹೊಣೆ. ತೀರ್ಪು ಸರಿಯೆಂದೇ ನನ್ನ ಎಣಿಕೆ, ಪ್ರಶ್ನೆ ಮಾತ್ರ ತಪ್ಪಲ್ಲ. ಸಿಗರೇಟು ಇವತ್ತಿಗೂ ಮೂಲೆ ಮೂಲೆಯಲ್ಲಿ ಸಿಗುತ್ತದೆ. 2017ರಲ್ಲೇ ರಾಜ್ಯ ಬಿಡಿ ಸಿಗರೇಟಿನ ಮಾರಾಟ ನಿಲ್ಲಿಸಿದ್ದರೂ ಒಂದೊಂದಾಗಿಯೇ ಸಿಗುತ್ತದೆ. ಪೊಟ್ಟಣದ ಮೇಲೆ 85 ಶೇಕಡ ಜಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮವನ್ನು ನಮ್ಮದೇ ಹೈಕೋರ್ಟು 2017ರ ಡಿಸೆಂಬರಿನಲ್ಲಿ ರದ್ದು ಮಾಡಿತ್ತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ಆ ಆದೇಶವನ್ನು ತಡೆಹಿಡಿಯಿತು. ಅಲ್ಲಿಯವರೆಗೂ ಹೋಗಿ ಹೋರಾಡಿದ್ದು ಯಾವ ಅಜ್ಜನೂ ಅಲ್ಲ, ತಂಬಾಕಿನ ಉದ್ಯಮ. ಅಜ್ಜನ ಜಗಲಿಯ ಮಾತನ್ನು ಕಂಪನಿಗಳು ಎರವಲು ಪಡೆಯುತ್ತವೆ, ಬಾಡಿಗೆ ಕೊಡುವುದಿಲ್ಲ.

ಕಳೆದ ಮಹಾಲಯ ಅಮಾವಾಸ್ಯೆಗೆ ದಾಂಡೇಲಿಗೆ ಹೋಗಿದ್ದೆ. ಹಿರಿಯರಿಗೆ ಎಡೆ ಇಡುವ ದಿನ. ಬಾಳೆಎಲೆಯ ಮೇಲೆ ಹೋಳಿಗೆ, ವಡೆ, ಕಡಬು. ಪಕ್ಕದಲ್ಲಿ ತೀರಿಕೊಂಡವರಿಗೆ ಏನಿಷ್ಟವೋ ಅದು. ಯಾರಿಗೋ ಬೀಡಿ, ಯಾರಿಗೋ ನಶ್ಯ. ದೊಡ್ಡಪ್ಪನ ಪೈಪನ್ನು ಕಪಾಟಿನಿಂದ ತೆಗೆದು ಅಣ್ಣ ಒರೆಸುತ್ತಿದ್ದ. ತುಂಬುವುದೋ ಖಾಲಿ ಇಡುವುದೋ ಎಂದು ಮಾತು ಬಂತು. ಕೊನೆಯ ಒಂಬತ್ತು ವರ್ಷ ಅವರು ಖಾಲಿಯದನ್ನೇ ಕಚ್ಚಿದವರು ಎಂದ ಒಬ್ಬ ತಮ್ಮ. ಖಾಲಿ ಕಚ್ಚಿದ್ದು ಡಾಕ್ಟರಿಗೋಸ್ಕರ, ಈಗ ಯಾವ ಡಾಕ್ಟರು ಎಂದ ಅಣ್ಣ. ಹಳದಿ ಡಬ್ಬಿಯ ತಳದಲ್ಲಿ ಒಣಗಿ ಗರಿಗರಿಯಾದ ಚೂರು ಉಳಿದಿತ್ತು. ಅದನ್ನೇ ತುಂಬಿ, ಅದೇ ಮೊಳೆಯಿಂದ ಒತ್ತಿ, ಕಡ್ಡಿ ಗೀರಲು ಹೊರಟ.

ಅಡುಗೆಮನೆಯಿಂದ ಅತ್ತಿಗೆ ಬಂದರು. ಮೊಮ್ಮಗನಿಗೆ ಉಬ್ಬಸ. ಬೆಳಿಗ್ಗೆಯಷ್ಟೇ ಅವರು ದೇವರಮನೆಯ ಸಾಂಬ್ರಾಣಿಯನ್ನೂ ಆರಿಸಿದ್ದರು.

"ಮಾವನೋರದು ಹೊರಗ ಇಡ್ರಿ" ಎಂದರು.

ಎಲೆಯ ಸಮೇತ ಎತ್ತಿ ಜಗಲಿಗೆ ತಂದೆವು. ಪೈಪು ಹಚ್ಚಿಟ್ಟು, ಅವರು ಕೂರುತ್ತಿದ್ದ ಕುರ್ಚಿಯ ಪಕ್ಕದಲ್ಲಿರಿಸಿ, ಒಳಗೆ ಹೊಗೆ ಬಾರದಂತೆ ಅಣ್ಣ ಬಾಗಿಲು ಮುಂದೆ ಮಾಡಿದ. ಸ್ವಲ್ಪ ಹೊತ್ತಿಗೆ ಇಣುಕಿ ನೋಡಿದರೆ ಎಂದಿನಂತೆ ಆರಿತ್ತು. ಅಣ್ಣ ಇನ್ನೊಂದು ಕಡ್ಡಿ ಗೀರಲು ಹೋದ.